ಮೊಬೈಲಿನಲ್ಲಿ ಪಿಡಿಎಫ್ ಓದುವವರ, ಟಿಪ್ಪಣಿ ಬರೆಯುವವರ, ಆ್ಯಪ್‌ಗೆ ಬೈಯುವವರ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರುಗಳು, ಸಾಗರ ಹೊಸನಗರದ ಅಡಿಕೆ ಬೆಳೆಗಾರರು, ಶಂಕರಘಟ್ಟದಲ್ಲಿ ಪಿಎಚ್‌ಡಿ ಮಾಡುತ್ತಿರುವವರು. ಇವರು ಓದುವುದು ಬೇರೆ ಬೇರೆ. ಓದುವ ಆ್ಯಪ್ ಬಗ್ಗೆ ಇವರ ದೂರು ಮಾತ್ರ ಹೆಚ್ಚುಕಮ್ಮಿ ಒಂದೇ. ಎದುರಿಗೆ ಸಿಕ್ಕಾಗ ಕೇಳಿದ್ದು, ಬರೆದು ಕಳಿಸಿದ್ದು, ಹಿಂದಿನ ಬರಹಗಳ ಕೆಳಗೆ ಹಾಕಿದ್ದು ಎಲ್ಲ ಸೇರಿಸಿ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ತಲೆ ತಿನ್ನುವುದು ಆಮೇಲೆ.

## ಶುರು ಮಾಡುವವರಿಗೆ

"ಪಿಡಿಎಫ್ ತೆರೆದ್ರೆ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತೆ. ದೊಡ್ಡದು ಮಾಡಿದ್ರೆ ಸಾಲು ಪರದೆಯಿಂದ ಆಚೆ ಹೋಗುತ್ತೆ. ಆ್ಯಪ್ ಸರಿ ಇಲ್ವಾ?"

ಆ್ಯಪ್ ಸರಿಯೇ ಇದೆ. ಪಿಡಿಎಫ್ ಇರುವುದೇ ಹಾಗೆ. ಅಡೋಬಿ ಕಂಪನಿ 1993ರಲ್ಲಿ ಇದನ್ನು ತಂದದ್ದು ಒಂದೇ ಉದ್ದೇಶಕ್ಕೆ: ಪುಟ ಯಾವ ಕಂಪ್ಯೂಟರಿನಲ್ಲಿ ತೆರೆದರೂ, ಯಾವ ಪ್ರಿಂಟರಿನಲ್ಲಿ ತೆಗೆದರೂ ಒಂದೇ ಥರ ಕಾಣಬೇಕು. ಎ4 ಹಾಳೆಗೆಂದು ಕೂರಿಸಿದ ಸಾಲು ಅಂಗೈಯಗಲದ ಪರದೆಗೆ ಬಂದರೂ ಹಾಗೇ ಕೂತಿರುತ್ತದೆ. ಪರದೆಗೆ ತಕ್ಕಂತೆ ಸಾಲು ಮುರಿದುಕೊಳ್ಳಬೇಕು ಅಂದರೆ ಇಪಬ್ ರೂಪದ ಪುಸ್ತಕ ಬೇಕು.

ಇಪಬ್ ಸಿಗದಿದ್ದರೆ ಎರಡು ದಾರಿ. ಫೋನ್ ಅಡ್ಡ ಹಿಡಿಯಿರಿ. ಆಮೇಲೆ ಆ್ಯಪ್‌ನಲ್ಲಿ ಅಂಚು ಕತ್ತರಿಸುವ ಆಯ್ಕೆ ಇದೆಯಾ ನೋಡಿ. ಸರ್ಕಾರಿ ಸುತ್ತೋಲೆಗಳಲ್ಲಿ ಸುತ್ತಲೂ ಬಿಳಿ ಜಾಗ ಜಾಸ್ತಿ. ಅದನ್ನು ತೆಗೆದರೆ ಅಕ್ಷರ ಎಷ್ಟೋ ದೊಡ್ಡದಾಗುತ್ತದೆ. ದಿನಾ ಗಂಟೆಗಟ್ಟಲೆ ಓದುವವರು ಹತ್ತು ಇಂಚಿನ ಟ್ಯಾಬ್ ತೆಗೆದುಕೊಳ್ಳುವುದೇ ಒಳ್ಳೆಯದು.

"ಯಾವ ಆ್ಯಪ್ ಹಾಕ್ಕೊಳ್ಳಲಿ? ಒಂದೇ ಒಂದು ಹೆಸರು ಹೇಳಿ ಸಾಕು."

ಒಂದು ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಅರ್ಜಿ ತುಂಬುವವರಿಗೆ ಬೇಕಾದ್ದು ಸಂಶೋಧನೆ ಮಾಡುವವರಿಗೆ ಸಾಲುವುದಿಲ್ಲ. ಫಾರಂ ತುಂಬಿ ಸಹಿ ಹಾಕುವ ಕೆಲಸಕ್ಕೆ ಅಡೋಬಿಯ ಅಕ್ರೋಬ್ಯಾಟ್ ರೀಡರ್ ಸಾಕು. ನೂರಾರು ಲೇಖನ ಇಟ್ಟುಕೊಂಡು ಟಿಪ್ಪಣಿ ಮಾಡುವವರಿಗೆ ಜೊಟೆರೊ ಚೆನ್ನಾಗಿ ಒಗ್ಗುತ್ತದೆ. 2022ರಲ್ಲಿ ಬಂದ ಅದರ ಆರನೇ ಆವೃತ್ತಿಯಿಂದ ಪಿಡಿಎಫ್ ಅದರೊಳಗೇ ತೆರೆಯುತ್ತದೆ. ಲಿನಕ್ಸ್ ಕಂಪ್ಯೂಟರ್ ಇದ್ದವರಿಗೆ ಓಕುಲರ್ ಇದೆ, ದುಡ್ಡಿಲ್ಲ.

ಬೇರೆ ಯಾವುದೇ ಆ್ಯಪ್ ಆದರೂ ಮನಸ್ಸು ಕೊಡುವ ಮೊದಲು ಒಂದು ಸಂಜೆ ಪರೀಕ್ಷೆ ಮಾಡಿ. ಸಣ್ಣ ಕನ್ನಡ ಫೈಲ್ ತೆರೆಯಿರಿ. ಒಂದು ಸಾಲಿಗೆ ಬಣ್ಣ ಹಚ್ಚಿ. ಪಕ್ಕದಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆಯಿರಿ. ಒಂದು ಪದ ಹುಡುಕಿ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ಮತ್ತೆ ತೆರೆಯಿರಿ. ಕೊನೆಗೆ ಬರೆದ ಟಿಪ್ಪಣಿಯನ್ನು ಆ್ಯಪ್‌ನಿಂದ ಹೊರಗೆ ತೆಗೆಯಲು ಆಗುತ್ತದಾ ನೋಡಿ. ಹೊರಗೆ ತೆಗೆಯಲು ಬಿಡದ ಆ್ಯಪ್ ಎಷ್ಟು ಚಂದ ಇದ್ದರೂ ನಾನು ಇಟ್ಟುಕೊಳ್ಳುವುದಿಲ್ಲ.

"ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟವರೂ ಹೋಗುತ್ತೆ. ಆ್ಯಪ್ 'ಲಾಗಿನ್ ಆಗಿ' ಅಂತ ಹಠ ಹಿಡಿದು ಕೂರುತ್ತೆ. ಎಂತ ಮಾಡೋದು ಮಾರಾಯ್ರೆ?"

ಇದು ಆಗುಂಬೆ, ಹೊಸನಗರ ಕಡೆಯವರ ಖಾಯಂ ಗೋಳು. ಕೆಲವು ಆ್ಯಪ್‌ಗಳು ಫೈಲನ್ನು ತಮ್ಮ ಸರ್ವರಿನಲ್ಲಿ ಇಟ್ಟುಕೊಂಡು, ತೆರೆದಾಗಷ್ಟೇ ನಿಮ್ಮ ಫೋನಿಗೆ ಇಳಿಸುತ್ತವೆ. ನೆಟ್ ಇದ್ದಾಗ ಅದು ಗೊತ್ತೇ ಆಗುವುದಿಲ್ಲ. ಫೈಲ್ ಪಕ್ಕದಲ್ಲಿ ಆಫ್‌ಲೈನ್ ಇಟ್ಟುಕೊಳ್ಳುವ ಗುರುತು ಇದ್ದರೆ ಜೂನ್‌ಗೆ ಮುಂಚೆ ಒತ್ತಿಡಿ. ಇಲ್ಲದಿದ್ದರೆ ಫೈಲನ್ನು ಫೋನಿನ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಇಳಿಸಿ, ಲಾಗಿನ್ ಕೇಳದ ಆ್ಯಪ್‌ನಲ್ಲಿ ತೆರೆಯಿರಿ.

ಇನ್ನೊಂದು ಎಚ್ಚರ. ನೆಟ್ ಇಲ್ಲದ ಹೊತ್ತಿನಲ್ಲಿ ಒಂದೇ ಫೈಲಿಗೆ ಫೋನಿನಲ್ಲೂ ಟ್ಯಾಬಿನಲ್ಲೂ ಟಿಪ್ಪಣಿ ಬರೆಯಬೇಡಿ. ನೆಟ್ ಬಂದ ಮೇಲೆ ಎರಡನ್ನೂ ಸೇರಿಸಲು ಕೆಲವು ಆ್ಯಪ್‌ಗೆ ಬರುವುದಿಲ್ಲ. ಒಂದನ್ನು ಉಳಿಸಿ ಇನ್ನೊಂದನ್ನು ನುಂಗುತ್ತವೆ.

ಆ್ಯಪ್ ಮಾಡಿದವರಿಗೆ ಇದನ್ನು ತಪ್ಪದೆ ಬರೆಯಿರಿ. ಅವರ ಕಚೇರಿಯಲ್ಲಿ ನೆಟ್ ಹೋಗುವುದೇ ಇಲ್ಲ. ಮೂರು ದಿನ ಟವರ್ ಇಲ್ಲದಿದ್ದರೆ ತಮ್ಮ ಆ್ಯಪ್ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡುವ ಸಂದರ್ಭ ಅವರಿಗೆ ಬರಲಿಕ್ಕಿಲ್ಲ.

"ದುಡ್ಡು ಕೊಟ್ಟ ಆ್ಯಪ್ ಆದ್ರೆ ತೊಂದರೆ ಇರಲ್ಲ ಅಲ್ವಾ?"

ಜಾಹೀರಾತು ಇರುವುದಿಲ್ಲ, ಅಷ್ಟೇ. ಕನ್ನಡದ ತೊಡಕುಗಳು ದುಡ್ಡು ಕೊಟ್ಟದ್ದರಲ್ಲೂ ಇರುತ್ತವೆ. ವರ್ಷದ ಚಂದಾ ಕಟ್ಟುವ ಮೊದಲು, ಚಂದಾ ನಿಂತ ಮೇಲೆ ಹಳೇ ಟಿಪ್ಪಣಿ ಓದಲು ಸಿಗುತ್ತದಾ ಅಂತ ಕೇಳಿ ತಿಳಿದುಕೊಳ್ಳಿ.

## ಗೆರೆ, ಬಣ್ಣ, ಟಿಪ್ಪಣಿ

"ಫೋನ್ ಬದಲಿಸಿದೆ. ವರ್ಷಗಟ್ಟಲೆ ಎಳೆದ ಗೆರೆ, ಬರೆದ ನೋಟ್ಸ್ ಎಲ್ಲಾ ಹೋಯ್ತು. ಫೈಲ್ ಮಾತ್ರ ಇದೆ, ಮದುವೆ ಮನೆ ಮುಗಿದ ಹಾಗೆ ಖಾಲಿ. ಯಾಕೆ?"

ಅತಿ ಹೆಚ್ಚು ಜನ ಕೇಳಿದ, ಅತಿ ಹೆಚ್ಚು ಹೊಟ್ಟೆ ಉರಿಸಿಕೊಂಡ ಪ್ರಶ್ನೆ ಇದು.

ಟಿಪ್ಪಣಿಯನ್ನು ಆ್ಯಪ್‌ಗಳು ಎರಡು ಥರ ಇಡುತ್ತವೆ. ಒಂದು, ಪಿಡಿಎಫ್ ಫೈಲಿನ ಒಳಗೇ. ಪಿಡಿಎಫ್ ನಿಯಮದಲ್ಲೇ ಗೆರೆಗೆ, ಬಣ್ಣಕ್ಕೆ, ಟಿಪ್ಪಣಿಗೆ ಜಾಗ ಇದೆ. ಆ ನಿಯಮ 2008ರಲ್ಲಿ ಅಂತಾರಾಷ್ಟ್ರೀಯ ಮಾನಕವೂ ಆಯಿತು. ಹೀಗೆ ಬರೆದದ್ದು ಫೈಲಿನ ಜೊತೆಗೇ ಹೋಗುತ್ತದೆ. ಬೇರೆ ಆ್ಯಪ್‌ನಲ್ಲೂ ಸಾಮಾನ್ಯವಾಗಿ ಕಾಣುತ್ತದೆ.

ಇನ್ನೊಂದು, ಆ್ಯಪ್‌ನ ಸ್ವಂತ ಡೇಟಾಬೇಸಿನಲ್ಲಿ. ಮೂಲ ಫೈಲನ್ನು ಅದು ಮುಟ್ಟುವುದಿಲ್ಲ. ಇದರಲ್ಲಿ ಒಳ್ಳೆಯದೂ ಇದೆ. ಎಲ್ಲ ಪುಸ್ತಕಗಳ ಟಿಪ್ಪಣಿಯನ್ನು ಒಟ್ಟಿಗೆ ಹುಡುಕಬಹುದು, ಮೂಲ ಕೆಡುವುದಿಲ್ಲ. ಜೊಟೆರೊ ಮಾಡುವುದೂ ಹೀಗೇ. ಆದರೆ ಅದು ಖಾತೆಗೆ ಸಿಂಕ್ ಮಾಡುತ್ತದೆ, ಬೇಕೆಂದಾಗ ಟಿಪ್ಪಣಿ ಸೇರಿಸಿದ ಪಿಡಿಎಫ್ ಕೊಡುತ್ತದೆ. ಇವೆರಡೂ ಇಲ್ಲದ ಆ್ಯಪ್ ಆದರೆ ಕಷ್ಟ. ಹೊಸ ಫೋನಿಗೆ ಫೈಲ್ ಬಂದರೂ ಡೇಟಾಬೇಸು ಹಳೇ ಫೋನಿನಲ್ಲೇ ಉಳಿದುಬಿಡಬಹುದು. ಆಂಡ್ರಾಯ್ಡ್‌ನಲ್ಲಿ ಆ್ಯಪ್ ತೆಗೆದುಹಾಕಿದ ಕೂಡಲೇ ಅದರ ಖಾಸಗಿ ಜಾಗವೂ ಅಳಿಸಿಹೋಗುತ್ತದೆ. ಟಿಪ್ಪಣಿ ಇದ್ದದ್ದು ಅಲ್ಲಿಯೇ.

ನಿಮ್ಮದು ಯಾವ ಥರ ಅಂತ ತಿಳಿಯುವುದು ಸುಲಭ. ಒಂದು ಸಾಲಿಗೆ ಬಣ್ಣ ಹಚ್ಚಿ, ಸೇವ್ ಮಾಡಿ, ಅದೇ ಫೈಲನ್ನು ಬೇರೆ ಆ್ಯಪ್‌ನಲ್ಲಿ ತೆರೆಯಿರಿ. ಬಣ್ಣ ಕಂಡರೆ ಫೈಲಿನಲ್ಲಿದೆ. ಕಾಣದಿದ್ದರೆ ಇವತ್ತೇ ಎಕ್ಸ್‌ಪೋರ್ಟ್ ಎಲ್ಲಿದೆ ಅಂತ ಹುಡುಕಿ.

ಕಳೆದುಹೋದ ಮೇಲೆ ಏನು ಮಾಡಬಹುದು? ಹಳೇ ಫೋನ್ ಮನೆಯಲ್ಲೇ ಇದ್ದರೆ ರೀಸೆಟ್ ಮಾಡಬೇಡಿ. ಅದರಲ್ಲಿ ಆ್ಯಪ್ ತೆರೆದು ಟಿಪ್ಪಣಿ ಹೊರಗೆ ತೆಗೆಯಿರಿ. ಫೋನ್ ಮಾರಿ ಆಗಿದ್ದರೆ ಗೂಗಲ್ ಬ್ಯಾಕಪ್ ಒಂದು ಆಸೆ. ಆಂಡ್ರಾಯ್ಡ್ ತಾನಾಗಿ ಮಾಡುವ ಬ್ಯಾಕಪ್ ಒಂದು ಆ್ಯಪ್‌ಗೆ 25 ಎಂಬಿವರೆಗೆ ಮಾತ್ರ, ಅದೂ ಆ್ಯಪ್ ಮಾಡಿದವರು ಬಿಟ್ಟಿದ್ದರೆ. ಬರೀ ಟಿಪ್ಪಣಿಗೆ ಅಷ್ಟು ಜಾಗ ಧಾರಾಳ. ಹೊಸ ಫೋನ್ ಹಾಕುವಾಗ ಹಳೇ ಖಾತೆಯಿಂದ ವಾಪಸ್ ತರಿಸಿದರೆ ಕೆಲವರಿಗೆ ಸಿಕ್ಕಿದ್ದೂ ಇದೆ.

"ಫೋನ್ ಅದೇ, ಆ್ಯಪ್ ಅದೇ. ಫೈಲ್ ಹೆಸರು ಬದಲಿಸಿದೆ, ಗೆರೆ ಮಾಯ!"

ಡೇಟಾಬೇಸಿನಲ್ಲಿ ಇಡುವ ಕೆಲವು ಆ್ಯಪ್‌ಗಳು ಫೈಲನ್ನು ಗುರುತಿಸುವುದು ಅದು ಇರುವ ವಿಳಾಸದಿಂದ. ಹೆಸರು ಬದಲಿಸಿದರೆ, ಬೇರೆ ಫೋಲ್ಡರಿಗೆ ಹಾಕಿದರೆ ಅವಕ್ಕೆ ಅದು ಹೊಸ ಫೈಲು. ಹಳೇ ಹೆಸರು ಇಟ್ಟು ಹಳೇ ಜಾಗಕ್ಕೆ ಹಾಕಿ ನೋಡಿ. ಬಹಳಷ್ಟು ಸಲ ಗೆರೆ ವಾಪಸ್ ಬರುತ್ತದೆ.

ವಾಟ್ಸಾಪ್‌ನಿಂದ ನೇರ ತೆರೆದು ಟಿಪ್ಪಣಿ ಬರೆಯುವುದೂ ಇಂಥದ್ದೇ ಗಂಡಾಂತರ. ಅಲ್ಲಿಂದ ಬಂದದ್ದನ್ನು ಮೊದಲು ನಿಮ್ಮ ಫೋಲ್ಡರಿಗೆ ಸೇವ್ ಮಾಡಿ, ಹೆಸರು ಇಟ್ಟು, ಆಮೇಲೆ ಓದಲು ಕೂರಿ.

"ಗೆರೆ ಎಳೆದ ಪಿಡಿಎಫ್ ಗೆಳತಿಗೆ ಕಳಿಸಿದೆ. ಗೆರೆ ಕಾಣ್ತದೆ, ಟಿಪ್ಪಣಿ ಕಾಣ್ತಿಲ್ಲ ಅಂತಾಳೆ."

ಅವಳು ವಾಟ್ಸಾಪ್ ಅಥವಾ ಬ್ರೌಸರಿನ ಒಳಗೇ ನೋಡುತ್ತಿರಬಹುದು. ಅಂಥ ಕಡೆ ಟಿಪ್ಪಣಿ ಬರೀ ಸಣ್ಣ ಚೌಕ. ಒತ್ತಿದರೂ ತೆರೆಯದೆ ಹೋಗಬಹುದು. ನಿಮ್ಮ ಆ್ಯಪ್‌ನಲ್ಲಿ "ಫ್ಲಾಟನ್" ಅಂತ ಇದ್ದರೆ ಅದನ್ನು ಒತ್ತಿ ಇನ್ನೊಂದು ಪ್ರತಿ ಮಾಡಿ ಕಳಿಸಿ. ಗೆರೆಯೂ ಕೈಬರಹವೂ ಪುಟಕ್ಕೇ ಅಂಟಿಕೊಳ್ಳುತ್ತವೆ. ಚೌಕದೊಳಗಿನ ಟಿಪ್ಪಣಿ ಮಾತ್ರ ಅಂಟದೆ ಹೋಗಬಹುದು, ಹಾಗಾಗಿ ಕಳಿಸುವ ಪ್ರತಿಯಲ್ಲಿ ಅದನ್ನು ಪುಟದ ಮೇಲೇ ಬರೆಯಿರಿ. ಅಂಟಿದ ಮೇಲೆ ಬಿಡಿಸಲು ಬರುವುದಿಲ್ಲ, ಮೂಲ ಪ್ರತಿ ಬೇರೆ ಇರಲಿ.

"ಹಳದಿ, ಹಸಿರು, ಗುಲಾಬಿ ಎಲ್ಲಾ ಹಚ್ಚಿದ್ದೀನಿ ಸಾರ್. ಪರೀಕ್ಷೆಗೆ ಕೂತ್ರೆ ಏನೂ ನೆನಪಿಲ್ಲ."

ಇದಕ್ಕೆ ಆ್ಯಪ್‌ಗೆ ಒಂದು ಸ್ಟಾರ್ ಕೊಟ್ಟವರೂ ಇದ್ದಾರೆ! 2013ರಲ್ಲಿ ಮನಃಶಾಸ್ತ್ರಜ್ಞ ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು ಓದುವ ಹತ್ತು ವಿಧಾನಗಳನ್ನು ಹೋಲಿಸಿ ನೋಡಿದರು. ಗೆರೆ ಎಳೆಯುವುದು, ಬಣ್ಣ ಹಚ್ಚುವುದು ಕಮ್ಮಿ ಉಪಯೋಗದ ಗುಂಪಿಗೆ ಬಿತ್ತು. ತನ್ನನ್ನು ತಾನೇ ಪ್ರಶ್ನೆ ಕೇಳಿಕೊಳ್ಳುವುದು, ಓದನ್ನು ದಿನಗಳ ಮೇಲೆ ಹಂಚಿಕೊಳ್ಳುವುದು ಮೇಲಿನ ಗುಂಪಿನಲ್ಲಿ ಬಂದವು. ಹಾಗಾಗಿ ಬಣ್ಣ ಹಚ್ಚಿದ ಕಡೆಯೆಲ್ಲ ಟಿಪ್ಪಣಿಯಲ್ಲಿ ಒಂದು ಪ್ರಶ್ನೆ ಬರೆಯಿರಿ. ಮಾರನೇ ದಿನ ಟಿಪ್ಪಣಿಗಳ ಪಟ್ಟಿ ಮಾತ್ರ ತೆರೆದು ಉತ್ತರ ಹೇಳಿಕೊಳ್ಳಿ.

## ಕನ್ನಡದ ತೊಡಕುಗಳು

"ಪುಟದಲ್ಲಿ ಕನ್ನಡ ಚೆಂದ ಕಾಣುತ್ತೆ. ಕಾಪಿ ಮಾಡಿ ಅಂಟಿಸಿದ್ರೆ ಇಂಗ್ಲಿಷ್ ಅಕ್ಷರದ ಗೋಜಲು. ಇದು ಆ್ಯಪ್ ತಪ್ಪೇ ತಾನೆ?"

ಅಲ್ಲ. ಈ ತಪ್ಪು ಆ್ಯಪ್ ಹುಟ್ಟುವ ಮೊದಲೇ ಆಗಿದೆ. ನುಡಿ, ಬರಹ, ಶ್ರೀಲಿಪಿ ಇವುಗಳ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದವು. ಆಗ ಬೇರೆ ದಾರಿ ಇರಲಿಲ್ಲ. ಆ ಫಾಂಟುಗಳಿಂದಲೇ ಕನ್ನಡ ಕಂಪ್ಯೂಟರಿಗೆ ಬಂತು, ಅದನ್ನು ಮರೆಯಬಾರದು. ಆದರೆ ಕಣ್ಣಿಗೆ ಕನ್ನಡ ಕಂಡರೂ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಚಿಹ್ನೆಗಳು. ಕಾಪಿ ಮಾಡಿದಾಗ ಆ್ಯಪ್ ಒಳಗಿದ್ದದ್ದನ್ನೇ ಪ್ರಾಮಾಣಿಕವಾಗಿ ಕೊಡುತ್ತದೆ.

ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತ ಕೊಟ್ಟ ಮಾನಕ ಯುನಿಕೋಡ್. ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಗೋಜಲನ್ನು ಅದರಲ್ಲಿ ಹಾಕಿದರೆ ಹೆಚ್ಚುಕಮ್ಮಿ ಸರಿಯಾದ ಕನ್ನಡ ಬರುತ್ತದೆ. ಫೈಲ್ ಕೊಟ್ಟವರ ಹತ್ತಿರ ಯುನಿಕೋಡ್ ಪ್ರತಿ ಕೇಳುವುದು ಇನ್ನೂ ಒಳ್ಳೆಯದು. ಇಂದಿಗೂ ಸಂಘ ಸಂಸ್ಥೆಗಳ ವರದಿ, ಸ್ಮರಣ ಸಂಚಿಕೆ ಹಳೇ ಫಾಂಟಿನಲ್ಲೇ ಬರುತ್ತಿವೆ. ದೂರು ಹೋಗಬೇಕಾದ್ದು ಅಲ್ಲಿಗೆ.

"ಯುನಿಕೋಡ್ ಫೈಲೇ. ಆದ್ರೂ ಹುಡುಕಿದ್ರೆ ಪದ ಸಿಗಲ್ಲ. ಕಣ್ಣೆದುರಿಗೇ ಇದೆಯಲ್ಲ!"

ಇಲ್ಲಿ ಆ್ಯಪ್‌ಗೂ ಪಾಲು ಇದೆ. ಕಾರಣ ಮೂರು ನಾಲ್ಕು ಇರಬಹುದು.

ಪಿಡಿಎಫ್ ಅಕ್ಷರದ ಆಕಾರಗಳನ್ನು ಪುಟದ ಮೇಲೆ ಕೂರಿಸಿದ ಕ್ರಮದಲ್ಲಿ ಇಟ್ಟುಕೊಂಡಿರುತ್ತದೆ. "ತೀರ್ಥಹಳ್ಳಿ" ಅನ್ನುವಲ್ಲಿ ನಾವು ರಕಾರವನ್ನು ಮೊದಲು ಹೇಳುತ್ತೇವೆ. ಬರೆಯುವಾಗ ಅರ್ಕಾವತ್ತು ಥಕಾರದ ಆಮೇಲೆ ಬರುತ್ತದೆ. ಒತ್ತಕ್ಷರ ಕೆಳಗೆ ಇಳಿಯುತ್ತದೆ. ಈ ಆಕಾರಗಳನ್ನು ಉಚ್ಚಾರಣೆಯ ಕ್ರಮಕ್ಕೆ ವಾಪಸ್ ತರುವುದು ಕೆಲವು ಆ್ಯಪ್‌ಗೆ ಬರುವುದಿಲ್ಲ. ಪಿಡಿಎಫ್ ಮಾಡಿದ ತಂತ್ರಾಂಶ ಬೇಕಾದ ಮಾಹಿತಿ ಬಿಡದಿದ್ದರೆ ಯಾರಿಗೂ ಬರುವುದಿಲ್ಲ. ಅದಕ್ಕೇ "ಸಾಗರ" ಸಿಗುತ್ತದೆ, "ತೀರ್ಥಹಳ್ಳಿ" ಸಿಗುವುದಿಲ್ಲ.

ಸ್ವರಚಿಹ್ನೆಗಳದ್ದು ಇನ್ನೊಂದು ಕಥೆ. "ಕೋ" ಅನ್ನುವುದರ ದೀರ್ಘ ಓಕಾರವನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಎತ್ವ, ಕೊಂಬಿನ ಇಳಿ, ದೀರ್ಘ ಅಂತ ಬಿಡಿಸಿಯೂ ಇಡಬಹುದು. ಯುನಿಕೋಡ್ ಪ್ರಕಾರ ಎರಡೂ ಒಂದೇ. ಹುಡುಕುವ ಮೊದಲು ಎರಡನ್ನೂ ಒಂದು ರೂಪಕ್ಕೆ ತರುವುದು ಆ್ಯಪ್‌ನ ಕೆಲಸ. ತರದಿದ್ದರೆ ಕಣ್ಣಿಗೆ ಒಂದೇ ಕಂಡರೂ ಆ್ಯಪ್‌ಗೆ ಬೇರೆ ಬೇರೆ.

ನಮ್ಮವರದೇ ಒಂದು ಕಿತಾಪತಿಯೂ ಇದೆ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಒತ್ತಿರುತ್ತಾರೆ. ಎರಡೂ ದುಂಡಗೆ. ಆ ಪದವನ್ನು ಸರಿಯಾಗಿ ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ.

ಸದ್ಯಕ್ಕೆ ಉಪಾಯ: ಇಡೀ ಪದ ಬಿಟ್ಟು ಅದರೊಳಗಿನ ಒತ್ತಿಲ್ಲದ ತುಂಡು ಹುಡುಕಿ. ಅಥವಾ ಪುಟದಿಂದಲೇ ಪದ ಕಾಪಿ ಮಾಡಿ ಹುಡುಕುವ ಜಾಗಕ್ಕೆ ಅಂಟಿಸಿ. ತಪ್ಪಿಗೆ ತಪ್ಪೇ ಹೊಂದುತ್ತದೆ.

"ಸ್ಕ್ಯಾನ್ ಮಾಡಿದ ಹಳೇ ಪ್ರಸಂಗದ ಪುಸ್ತಕ. ಒಂದು ಪದ ಆರಿಸೋಕೂ ಆಗಲ್ಲ."

ಯಕ್ಷಗಾನದ ಗೆಳೆಯರದು ಇದೇ ದೂರು. ಅದು ಪುಟದ ಫೋಟೋ. ಒಳಗೆ ಅಕ್ಷರವೇ ಇಲ್ಲ. ಅಕ್ಷರ ಗುರುತಿಸುವ ಓಸಿಆರ್ ಓಡಿಸಬೇಕು. ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಗುರುತಿಸುತ್ತದೆ. ಟೆಸೆರ್ಯಾಕ್ಟ್ ಅನ್ನುವ ಉಚಿತ ತಂತ್ರಾಂಶಕ್ಕೂ ಕನ್ನಡ ಬರುತ್ತದೆ. ಹೊಸ ಮುದ್ರಣ ಆದರೆ ಫಲಿತಾಂಶ ಚೆನ್ನಾಗಿರುತ್ತದೆ. ಮೊಳೆ ಜೋಡಿಸಿ ಅಚ್ಚು ಹಾಕಿದ, ಒತ್ತಕ್ಷರ ಅರ್ಧ ಅಳಿಸಿದ ಪುಟ ಆದರೆ ಪ್ರತಿ ಸಾಲೂ ತಿದ್ದಬೇಕು. ಸ್ಕ್ಯಾನ್ ಮಾಡುವವರು ನೀವೇ ಆದರೆ 300 ಡಿಪಿಐ ಇಡಿ, ಪುಟ ಸೊಟ್ಟ ಆಗದಂತೆ ನೋಡಿ.

ಆ್ಯಪ್‌ನವರಿಗೆ ಇಲ್ಲಿ ಕೇಳಬೇಕಾದ್ದು ಬೇರೆ. ಅಕ್ಷರ ಇಲ್ಲದ ಪುಟದಲ್ಲೂ ಚೌಕ ಎಳೆದು ಅದಕ್ಕೆ ಟಿಪ್ಪಣಿ ಕಟ್ಟಲು ಬಿಡಿ ಅಂತ ಕೇಳಿ. ಭಾಗವತರಿಗೆ ಪದ್ಯದ ಪಕ್ಕ ತಾಳ ಬರೆದುಕೊಂಡರೆ ಸಾಕು. ಓಸಿಆರ್ ಇಲ್ಲದೆಯೂ ಅದು ಆಗಬೇಕು.

ಹಳೇ ಪುಸ್ತಕ ಸ್ಕ್ಯಾನ್ ಮಾಡಿ ಹಂಚುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಕುಪ್ಪಳಿಯ ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅಂದರೆ ಅವರ ಕೃತಿಗಳಿಗೆ 2054ರ ಕೊನೆಯವರೆಗೆ ಹಕ್ಕು ಇದೆ. ನಿಮ್ಮ ಓದಿಗೆ ಟಿಪ್ಪಣಿ ಮಾಡಿಕೊಳ್ಳುವುದು ಬೇರೆ, ಫೈಲನ್ನು ಊರಿಗೆಲ್ಲ ಹಂಚುವುದು ಬೇರೆ.

"ನಮ್ಮ ಅಮ್ಮನಿಗೆ ಕಣ್ಣು ಮಂಜು. ಆ್ಯಪ್ ಓದಿ ಹೇಳುತ್ತಾ?"

ಫೋನಿನಲ್ಲಿ ಕನ್ನಡದ ದನಿ ಇಳಿಸಿಕೊಂಡಿದ್ದರೆ, ಫೈಲಿನ ಒಳಗೆ ನಿಜವಾದ ಯುನಿಕೋಡ್ ಅಕ್ಷರ ಇದ್ದರೆ ಹೇಳುತ್ತದೆ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಕನ್ನಡ ದನಿ ಸೆಟ್ಟಿಂಗ್ಸ್‌ನಿಂದ ಇಳಿಸಬಹುದು. ನೆಟ್ ಇದ್ದಾಗಲೇ ಇಳಿಸಿಡಿ.

ಕೇಳಿ ಓದುವವರು ಬರೆದ ದೂರುಗಳು ಬಹಳ ಖಚಿತ. ಸಾಲು ಮುಗಿದ ಕಡೆಯೆಲ್ಲ ವಾಕ್ಯ ಮುಗಿದಂತೆ ನಿಲ್ಲುತ್ತದೆ. ಪ್ರತಿ ಪುಟದ ತಲೆಬರಹ, ಪುಟಸಂಖ್ಯೆ ಮತ್ತೆ ಮತ್ತೆ ಓದುತ್ತದೆ. ಬಟನ್‌ಗಳಿಗೆ ಹೆಸರು ಕೊಟ್ಟಿಲ್ಲ, ಹಾಗಾಗಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಬರೀ "ಬಟನ್, ಬಟನ್" ಅನ್ನುತ್ತದೆ. ಕೊನೆಯದು ಸರಿಮಾಡಲು ದೊಡ್ಡ ಕೆಲಸ ಬೇಡ. ಯಾವ ಪರದೆಯ ಯಾವ ಬಟನ್ ಅಂತ ಬರೆದು ಕಳಿಸಿ.

"ಹೊಸದಾಗಿ ಎಐ ಸಾರಾಂಶ ಅಂತ ಬಂದಿದೆ. ಕನ್ನಡ ಪುಸ್ತಕಕ್ಕೆ ಏನೇನೋ ಹೇಳುತ್ತೆ."

ಹಳೇ ಫಾಂಟಿನ ಫೈಲ್ ಆದರೆ ಅದಕ್ಕೆ ಹೋಗುವುದೇ ಗೋಜಲು, ಬರುವುದೂ ಗೋಜಲು. ಮೊದಲು ಒಂದು ಸಾಲು ಕಾಪಿ ಮಾಡಿ ಅಂಟಿಸಿ ನೋಡಿ. ಅದು ಸರಿ ಬಂದರೆ ಮುಂದಿನ ಮಾತು. ಸಾಮಾನ್ಯವಾಗಿ ಈ ಸೌಲಭ್ಯ ನಡೆಯುವುದು ಅವರ ಸರ್ವರಿನಲ್ಲಿ. ಅಂದರೆ ನಿಮ್ಮ ಫೈಲ್ ಫೋನಿನಿಂದ ಹೊರಗೆ ಹೋಗುತ್ತದೆ. ಮನೆ ಕಾಗದಪತ್ರಕ್ಕೆ ಇದನ್ನು ಬಳಸಬೇಡಿ.

## ಆ್ಯಪ್ ಮಾಡಿದವರಿಗೆ ಬರೆಯುವುದು

"ಸಿಟ್ಟಲ್ಲಿ ಒಂದು ಸ್ಟಾರ್ ಕೊಟ್ಟು 'ವೇಸ್ಟ್ ಆ್ಯಪ್' ಅಂತ ಹಾಕಿ ಬಂದೆ. ತಪ್ಪಾ?"

ತಪ್ಪಲ್ಲ, ಉಪಯೋಗ ಇಲ್ಲ. ಅದನ್ನು ಓದಿದವರಿಗೆ ಯಾವ ಫೋನು, ಯಾವ ಫೈಲು, ಏನು ಕೆಟ್ಟಿತು ಒಂದೂ ಗೊತ್ತಾಗುವುದಿಲ್ಲ. ಸ್ಟಾರಿಗೆ ತೂಕ ಇಲ್ಲ ಅಂತಲ್ಲ. 2021ರ ನವೆಂಬರಿನಿಂದ ಪ್ಲೇ ಸ್ಟೋರ್ ಫೋನಿನಲ್ಲಿ ನಮ್ಮ ದೇಶದವರ ರೇಟಿಂಗನ್ನೇ ನಮಗೆ ತೋರಿಸುತ್ತದೆ. ಅಮೆರಿಕದವರ ಐದು ಸ್ಟಾರು ಇಲ್ಲಿನ ಬೇಸರವನ್ನು ಮುಚ್ಚುವುದಿಲ್ಲ. ಹಾಗಾಗಿ ಸ್ಟಾರ್ ಕೊಡಿ, ಜೊತೆಗೆ ಎರಡು ಸಾಲು ಕಾರಣ ಕೊಡಿ. ಸರಿಮಾಡಿದರೆ ಅದೇ ವಿಮರ್ಶೆ ತೆರೆದು ಸ್ಟಾರ್ ಏರಿಸಿ. ಏರಿಸುವವರು ಬಹಳ ಕಮ್ಮಿ, ಹಾಗಾಗಿ ಅದಕ್ಕೆ ಬೆಲೆ ಜಾಸ್ತಿ.

ವಿವರವಾಗಿ ಹೇಳಬೇಕಾದ್ದನ್ನು ಅಲ್ಲಿ ತುರುಕಬೇಡಿ. ಆ್ಯಪ್‌ನ ಪುಟದಲ್ಲೇ ಅವರ ಇಮೇಲ್ ವಿಳಾಸ ಇರುತ್ತದೆ.

"ಎಂತ ಬರೀಬೇಕು? ಒಂದು ಮಾದರಿ ಕೊಡಿ."

ಕೊಡುತ್ತೇನೆ. ಇದನ್ನೇ ಬದಲಿಸಿಕೊಳ್ಳಿ:

"ನಮಸ್ಕಾರ. ನಿಮ್ಮ ಆ್ಯಪ್‌ನ ಇಂಥ ಆವೃತ್ತಿ ಬಳಸುತ್ತಿದ್ದೇನೆ. ಫೋನ್ ಇಂಥದ್ದು, ಆಂಡ್ರಾಯ್ಡ್ ಇಂಥ ಆವೃತ್ತಿ. ಜೊತೆಗೆ ಕಳಿಸಿದ ಒಂದು ಪುಟದ ಕನ್ನಡ ಪಿಡಿಎಫ್ ತೆರೆದು 'ತೀರ್ಥಹಳ್ಳಿ' ಅಂತ ಹುಡುಕಿದೆ. ಆ ಪದ ಮೊದಲ ಸಾಲಿನಲ್ಲೇ ಇದೆ. ಆದರೆ ಸಿಗಲಿಲ್ಲ ಅಂತ ಬಂತು. ಅದೇ ಪುಟದಲ್ಲಿ 'ಸಾಗರ' ಸಿಗುತ್ತದೆ. ಕಂಪ್ಯೂಟರಿನಲ್ಲಿ ಬೇರೆ ತಂತ್ರಾಂಶದಲ್ಲಿ ಎರಡೂ ಸಿಗುತ್ತವೆ. ಪ್ರತಿ ಸಲವೂ ಹೀಗೇ ಆಗುತ್ತದೆ. ಪರದೆಯ ಚಿತ್ರ ಇಟ್ಟಿದ್ದೇನೆ."

ಇದರಲ್ಲಿ ಬೈಗುಳ ಇಲ್ಲ, ಬೇಡಿಕೊಳ್ಳುವುದೂ ಇಲ್ಲ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಬೇರೆ ಕಡೆ ಹೇಗಿದೆ. ಕೊನೆಯದು ಮುಖ್ಯ. ಬೇರೆ ಕಡೆ ಸರಿ ಇದೆ ಅಂದ ಮೇಲೆ "ಫೈಲೇ ಸರಿ ಇಲ್ಲ" ಅಂತ ಸುಮ್ನೆ ಸಾಗಹಾಕಲು ಆಗುವುದಿಲ್ಲ. ಒಂದು ಪತ್ರಕ್ಕೆ ಒಂದೇ ದೂರು ಇರಲಿ. ಏಳು ದೂರು ಒಟ್ಟಿಗೆ ಬರೆದರೆ ಸುಲಭದ ಒಂದಕ್ಕೆ ಉತ್ತರ ಬರೆದು ಪತ್ರ ಮುಚ್ಚುತ್ತಾರೆ.

"ಕನ್ನಡದಲ್ಲಿ ಬರೆದ್ರೆ ಅವರು ಓದ್ತಾರಾ?"

ಪ್ಲೇ ಸ್ಟೋರಿನಲ್ಲಿ ಕನ್ನಡದಲ್ಲೇ ಬರೆಯಿರಿ. ಕನ್ನಡದಲ್ಲಿ ಬಂದ ವಿಮರ್ಶೆಯೇ ಕನ್ನಡ ಓದುಗರು ಇದ್ದಾರೆ ಅನ್ನುವುದಕ್ಕೆ ಪುರಾವೆ. ಇಮೇಲ್‌ನಲ್ಲಿ ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಹಾಕಿ. ಯಂತ್ರಾನುವಾದ ಮಾಡಿಸುವುದಾದರೆ ವಾಕ್ಯ ಚಿಕ್ಕದಾಗಿರಲಿ, "ಎಂಥದೋ ಒಂಥರಾ ಆಗ್ತದೆ" ಅನ್ನುವಂಥದ್ದು ಬೇಡ. ಅದು ಯಂತ್ರಕ್ಕೂ ತಿಳಿಯುವುದಿಲ್ಲ, ಎಂಜಿನಿಯರಿಗೂ ತಿಳಿಯುವುದಿಲ್ಲ.

"ಫೈಲ್ ಕಳಿಸಿ ಅಂತಾರೆ. ಅದರಲ್ಲಿ ನಮ್ಮ ಪಹಣಿ, ಸೊಸೈಟಿ ಸಾಲದ ಕಾಗದ ಎಲ್ಲಾ ಇದೆ."

ಕಳಿಸಬೇಡಿ. ಅದೇ ತೊಂದರೆ ತೋರಿಸುವ ಬೇರೆ ಫೈಲ್ ಹುಡುಕಿ. ಸರ್ಕಾರ ಎಲ್ಲರಿಗೂ ಕೊಡುವ ಸುತ್ತೋಲೆ, ಕೃಷಿ ವಿಶ್ವವಿದ್ಯಾಲಯದ ಕರಪತ್ರ ಯಾವುದಾದರೂ ಆಗುತ್ತದೆ.

ಕೆಲವರು ಹೆಸರಿನ ಮೇಲೆ ಕಪ್ಪು ಬಣ್ಣ ಹಚ್ಚಿ ಕಳಿಸುತ್ತಾರೆ. ಇದು ಅಪಾಯ. ಆ್ಯಪ್‌ನ ಕಪ್ಪು ಗೆರೆ ಮೇಲಿನ ಪದರ ಮಾತ್ರ. ಅಡಿಯಲ್ಲಿ ಅಕ್ಷರ ಹಾಗೇ ಇರುತ್ತದೆ. ಆರಿಸಿ ಕಾಪಿ ಮಾಡಿದರೆ ಹೊರಗೆ ಬರುತ್ತದೆ. ಮುಚ್ಚಲೇಬೇಕಿದ್ದರೆ ಪರದೆಯ ಚಿತ್ರ ತೆಗೆದು, ಆ ಭಾಗ ಕತ್ತರಿಸಿಯೇ ಬಿಡಿ. ಆಂಡ್ರಾಯ್ಡ್‌ನ ಪೂರ್ತಿ ಬಗ್ ರಿಪೋರ್ಟ್ (ದೋಷದ ವರದಿ) ಕೇಳಿದರೂ ಯೋಚನೆ ಮಾಡಿ. ಅದರಲ್ಲಿ ಫೋನಿನ ಬೇರೆ ವಿವರಗಳೂ ಸೇರಿರುತ್ತವೆ.

"ಟಿಪ್ಪಣಿಗೆ ದಿನಾಂಕದ ಬಟನ್ ಕೊಡಿ ಅಂತ ಬರೆದೆ. ವರ್ಷ ಆದ್ರೂ ಕೊಡಲಿಲ್ಲ."

ಸಾಗರದ ಒಬ್ಬ ಬೆಳೆಗಾರರ ಪ್ರಶ್ನೆ ಇದು. ಕೆದಕಿ ಕೇಳಿದರೆ ಅವರಿಗೆ ಬೇಕಾದ್ದು ಬಟನ್ ಅಲ್ಲ. ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆ ಒಮ್ಮೆ, 40ರಿಂದ 45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುತ್ತಾರೆ. ಕರಪತ್ರದ ಆ ಸಾಲಿನ ಪಕ್ಕದಲ್ಲೇ "ಮೇಲಿನ ತೋಟಕ್ಕೆ ಹೊಡೆದಾಯಿತು" ಅಂತ ಬರೆದುಕೊಳ್ಳುತ್ತಾರೆ. ಯಾವತ್ತು ಬರೆದದ್ದು ಅಂತ ಆಮೇಲೆ ತಿಳಿಯಬೇಕು, ಎರಡನೇ ಸಲದ ದಿನ ನೆನಪಾಗಬೇಕು.

ಹೀಗೆ ಬರೆದಿದ್ದರೆ ಆ್ಯಪ್‌ನವರಿಗೆ ಬೇರೆ ದಾರಿಗಳು ಹೊಳೆಯುತ್ತಿದ್ದವು. ಟಿಪ್ಪಣಿ ಬರೆದ ದಿನ ಆಗಲೇ ಒಳಗೆ ದಾಖಲಾಗಿರಬಹುದು, ತೋರಿಸುವುದಷ್ಟೇ ಬಾಕಿ ಇರಬಹುದು. ಪರಿಹಾರ ಕೇಳುವುದಕ್ಕಿಂತ ಕಷ್ಟ ಹೇಳಿಕೊಳ್ಳಿ. ಪರಿಹಾರ ಹುಡುಕುವುದು ಅವರ ಕೆಲಸ.

"ಅಪ್‌ಡೇಟ್ ಆದ ಮೇಲೆ ಹಾಳಾಯ್ತು. ಹಳೇದಕ್ಕೆ ಹೋಗಬಹುದಾ?"

ಪ್ಲೇ ಸ್ಟೋರ್ ಹಳೇ ಆವೃತ್ತಿ ಕೊಡುವುದಿಲ್ಲ. ಬೇರೆ ಜಾಲತಾಣಗಳಿಂದ ಇಳಿಸುವುದು ಅಪಾಯ. ಹೊಸ ಆವೃತ್ತಿ ನಿಮ್ಮ ಡೇಟಾಬೇಸಿನ ರೂಪ ಬದಲಿಸಿದ್ದರೆ ಹಳೇದಕ್ಕೆ ಅದನ್ನು ಓದಲು ಬರದೆ ಹೋಗಬಹುದು. ಪರೀಕ್ಷೆ ಹತ್ತಿರ ಇದ್ದರೆ ಆ ಒಂದು ಆ್ಯಪ್‌ಗೆ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿಡಿ. ಪ್ಲೇ ಸ್ಟೋರಿನಲ್ಲಿ ಆ್ಯಪ್‌ನ ಪುಟ ತೆರೆದು ಮೂರು ಚುಕ್ಕಿ ಒತ್ತಿದರೆ ಆಯ್ಕೆ ಸಿಗುತ್ತದೆ.

ಎರಡನೇ ಫೋನ್ ಇದ್ದವರು ಬೀಟಾ ಪರೀಕ್ಷೆಗೆ ಸೇರಿಕೊಳ್ಳಿ. ಹೊಸದು ಎಲ್ಲರಿಗೂ ಹೋಗುವ ಮೊದಲು ನಿಮಗೆ ಬರುತ್ತದೆ. ಆಗ ಹೇಳಿದ ಕನ್ನಡದ ದೋಷ ಸರಿಯಾಗುವ ಸಂಭವ ಜಾಸ್ತಿ.

"ನಾವು ಹತ್ತು ಜನ ಓದುವವರು ಸೇರಿ ಒಟ್ಟಿಗೆ ಬರೆದ್ರೆ?"

ಬಹಳ ಒಳ್ಳೆಯದು. ಆದರೆ ಒಂದೇ ಪಠ್ಯವನ್ನು ಹತ್ತು ಜನ ಅಂಟಿಸಬೇಡಿ, ಅದನ್ನು ಕಸ ಅಂತ ತೆಗೆಯುತ್ತಾರೆ. ಒಬ್ಬರು ಪತ್ರ ಬರೆಯಿರಿ. ಉಳಿದವರು ತಮ್ಮ ತಮ್ಮ ಫೋನಿನಲ್ಲಿ ಅದೇ ಪರೀಕ್ಷೆ ಮಾಡಿ ಫಲಿತಾಂಶ ಕೊಡಿ. ಯಾವ ಫೋನಿನಲ್ಲಿ ಕೆಡುತ್ತದೆ, ಯಾವುದರಲ್ಲಿ ಇಲ್ಲ ಅನ್ನುವ ಪಟ್ಟಿ ಅವರಿಗೆ ಬಹಳ ಬೇಕಾದ್ದು. ಮುಕ್ತ ತಂತ್ರಾಂಶ ಆದರೆ ದೋಷಗಳ ಪಟ್ಟಿ ಎಲ್ಲರಿಗೂ ಕಾಣುವಂತಿರುತ್ತದೆ. ಹೊಸದು ಹಾಕುವ ಮೊದಲು ಅಲ್ಲಿ ಹುಡುಕಿ. ಬೇರೆ ಯಾರೋ ತಮಿಳಿಗೋ ಮಲಯಾಳಕ್ಕೋ ಇದೇ ದೂರು ಕೊಟ್ಟಿದ್ದರೆ ಅದರ ಕೆಳಗೇ ಕನ್ನಡದ್ದೂ ಸೇರಿಸಿ.

ಗುಂಪಿನಲ್ಲಿ ಒಂದು ಪರೀಕ್ಷೆಯ ಪುಟ ಮಾಡಿಟ್ಟುಕೊಳ್ಳಿ. ಅದರಲ್ಲಿ ಒತ್ತಿಲ್ಲದ ಪದ ಒಂದು, ಅರ್ಕಾವತ್ತಿನದು ಒಂದು, ದೀರ್ಘ ಓಕಾರದ್ದು ಒಂದು, ಅನುಸ್ವಾರದ್ದು ಒಂದು, ಕನ್ನಡ ಅಂಕಿ ಇರುವ ಸಾಲು ಒಂದು ಇರಲಿ. ಅದೇ ಪುಟದ ಸ್ಕ್ಯಾನ್ ಪ್ರತಿಯೂ ಪಕ್ಕದಲ್ಲಿರಲಿ. ಯಾರ ಹೆಸರೂ, ಯಾವ ಸರ್ವೆ ನಂಬರೂ ಬೇಡ. ಹೊಸ ಆ್ಯಪ್ ಬಂದಾಗಲೆಲ್ಲ, ಅಪ್‌ಡೇಟ್ ಬಂದಾಗಲೆಲ್ಲ ಮೊದಲು ಅದನ್ನು ತೆರೆದು ನೋಡಿ.